ಸಣ್ಣ ಅಕ್ಷರ

ಜುಬೈಲಿನಲ್ಲಿ ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ.
ಪಾಸ್‌ಪೋರ್ಟಿನಲ್ಲಿ ಅದೇ ಮೊದಲು ಬಿತ್ತು, ಇಕಾಮಕ್ಕೂ ಅದೇ ಇಳಿಯಿತು.
ಕೊಗ್ಗು ಎನ್ನಲು ಬಾರದ ಫೋರ್‌ಮನ್ನಿಗೆ ನಾನು ಗೋಗು.
ತ್ಯಾಂಪ ಎಂಬವನು ಊರಿನ ಫೋನಿನಲ್ಲಿ ಮಾತ್ರ,
ಶುಕ್ರವಾರ ಹತ್ತಿಪ್ಪತ್ತು ನಿಮಿಷ ಬದುಕಿರುತ್ತಾನೆ.

ಹೆಸರಿನ ಬೆನ್ನಿಗೆ ಅಪ್ಪನ ಕಾಯಿಲೆಯೂ ಬಂತು.
ಮೂರ್ತೆ ಮುಗಿಸಿ ಇಳಿದವನು ಮರದ ಬುಡದಲ್ಲೇ ಕೂತ,
ಕಳ್ಳಿನ ಸೋರೆಬುರುಡೆ ತೊಡೆಯ ಮೇಲೆ ನೆಟ್ಟಗಿತ್ತು,
ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಕಂಪನಿ ಕ್ಲಿನಿಕ್ಕಿನವನು ತೋಳಿಗೆ ಪಟ್ಟಿ ಸುತ್ತಿ
ನೂರಾ ಎಪ್ಪತ್ತೆಂಟು ಎಂದ.
ತಲೆನೋವೇ ಇಲ್ಲವಲ್ಲ, ಅಂದೆ.
ಇರುವುದಿಲ್ಲ, ತೊಂದರೆಯೇ ಅದು, ಅಂದ.
ಬಿಳಿ ಮಾತ್ರೆ. ದಿನಕ್ಕೊಂದು.

ಅಷ್ಟರಲ್ಲಿ ಬಜಪೆಯಿಂದ ಫೆಲಿಕ್ಸ್ ಬಂದ.
ಸಾಂತಾಣಿ, ಹಪ್ಪಳ, ಒಣ ಸಿಗಡಿಯ ನಡುವೆ
ವಾರಿಜ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕಳಿಸಿದ್ದಳು,
ಕಳೆದ ರಜೆಯಲ್ಲಿ ಊರ ಡಾಕ್ಟರು ಬರೆದ ಮಾತ್ರೆ, ಆರು ತಿಂಗಳಿಗೆ.
ತಿಳಿ ಹಳದಿ. ಬೇರೆ ಪೆಟ್ಟಿಗೆ, ಬೇರೆ ಹೆಸರು.
ಒಂದು ಒತ್ತಡಕ್ಕೆ, ಇನ್ನೊಂದು ಹೃದಯಕ್ಕೆ ಇರಬೇಕು ಎಂದು
ನಾನೇ ನನಗೆ ಹೇಳಿಕೊಂಡೆ.
ಅವಳು ಕಳಿಸಿದ್ದನ್ನು ನುಂಗದೆ ಇಡುವುದು ಹೇಗೆ?

ಮೂರನೇ ವಾರ ಕಾಲು ಊದಿತು.
ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಅಲ್ಲೇ ನಿಲ್ಲುತ್ತಿತ್ತು,
ಹಿಟ್ಟಿನ ಮುದ್ದೆಯ ಮೇಲೆ ಮಗು ಬೆರಳೂರಿದ ಹಾಗೆ.
ಲಾಂಡ್ರಿಯ ಹಬೆಯಲ್ಲಿ ರಿಫೈನರಿಯವರ ನೀಲಿ ಅಂಗಿಗಳು
ಒಂದೊಂದೇ ನನ್ನಿಂದ ದೂರ ನಡೆಯತೊಡಗಿದವು.
ಇಸ್ತ್ರಿಯ ಹಲಗೆ ಹಿಡಿದುಕೊಂಡೆ.
ಎಚ್ಚರವಾದಾಗ ಹಮ್ಮಬ್ಬ ಮುಖಕ್ಕೆ ನೀರು ತಟ್ಟುತ್ತಿದ್ದ,
ಸುಟ್ಟ ಕಾಲರಿನ ವಾಸನೆ.

ನನಗೆ ಹಿಡಿಸಿದ ಮಾತ್ರೆ ಇದೆ, ಒಂದು ತಗೋ, ಅಂದ ಪಾಪ.
ಬೇಡ ಮಾರಾಯ, ಇದ್ದದ್ದೇ ಹೆಚ್ಚಾಗಿದೆಯೋ ಏನೋ.
ಎರಡೂ ಪೆಟ್ಟಿಗೆ ಜೇಬಿಗಿಟ್ಟು ಔಷಧಿ ಅಂಗಡಿಗೆ ಎಳೆದೊಯ್ದ.

ಸುಡಾನಿನ ಹೆಂಗಸು, ಎದೆಯ ಬಿಲ್ಲೆಯಲ್ಲಿ ನಮಾರಿಕ್ ಎಂದಿತ್ತು.
ಪೆಟ್ಟಿಗೆಯ ದೊಡ್ಡ ಅಕ್ಷರಗಳನ್ನು ಹೆಬ್ಬೆರಳಿಂದ ಮುಚ್ಚಿ
ಕೆಳಗಿನ ಇರುವೆಸಾಲನ್ನು ತೋರಿಸಿದಳು.
ಅಮ್ಲೋಡಿಪಿನ್. ಇದರ ಮೇಲೂ ಅಮ್ಲೋಡಿಪಿನ್.
ಸೇಮ್ ಸೇಮ್. ನಫರ್ ವಾಹಿದ್, ಇಸಿಮ್ ಇತ್ನೇನ್.
ಆಳು ಒಬ್ಬನೇ, ಹೆಸರು ಎರಡು.

ನನಗೆ ನಗು ಬಂತು. ಆಮೇಲೆ ಸಿಟ್ಟು.
ಎರಡನ್ನೂ ಬಿಡುತ್ತೇನೆ, ಹೋಗಲಿ, ಎಂದೆ.
ಲಾ, ಲಾ, ಎಂದು ಕೌಂಟರು ಕುಟ್ಟಿದಳು.
ಬಿಟ್ಟರೆ ಅದು ಸದ್ದಿಲ್ಲದೆ ಏರುತ್ತದೆ.
ಮೊದಲು ಈಗಲೇ ಡಾಕ್ಟರ ಹತ್ತಿರ ಹೋಗು,
ಎರಡೂ ಪೆಟ್ಟಿಗೆ ಅವರ ಮೇಜಿನ ಮೇಲಿಡು,
ನುಂಗಿದ್ದನ್ನೆಲ್ಲ ಹೇಳು, ಊರಿನ ಕಷಾಯವನ್ನೂ.
ಹಾಗೆಯೇ ಹಮ್ಮಬ್ಬನತ್ತ ತಿರುಗಿ,
ನಿನ್ನದನ್ನೂ ತೋರಿಸು, ನೋಂಬು ಹತ್ತಿರ ಬಂತು,
ಯಾವ ಹೊತ್ತಿಗೆ ಎಂದು ನೀನೇ ತೀರ್ಮಾನಿಸಬೇಡ, ಅಂದಳು.

ಶುಕ್ರವಾರ ವಾರಿಜಳಿಗೆ ಹೇಳಿದೆ, ಇನ್ನು ಹಪ್ಪಳ ಮಾತ್ರ ಕಳಿಸು.
ಆಚೆ ಬಹಳ ಹೊತ್ತು ಕುಕ್ಕರು ಮಾತ್ರ ಕೂಗಿತು.
ನಾನು ತಪ್ಪು ಕಳಿಸಿದೆನಾ?
ಇಲ್ಲ. ನೀನು ಕಳಿಸಿದ್ದೇ ಇಲ್ಲೂ ಇತ್ತು.
ಹಾಗಾದರೆ ಆ ಸಣ್ಣ ಅಕ್ಷರ ಓದು, ಬರೆದುಕೊಳ್ಳುತ್ತೇನೆ, ಎಂದಳು.
ಒಂದೊಂದಾಗಿ ಹೇಳಿದೆ. ಕ್ಯಾಲೆಂಡರಿನ ಮೇಲೆ ಪೆನ್ನು ಕರಕರ ಎಂದಿತು,
ಡಿ ಗೆ ಗುಡಿಸು ಕೊಡಬೇಕಾ, ಎಂದು ಎರಡು ಸಲ ಕೇಳಿದಳು.

ಈಗ ರಾತ್ರಿ ಊಟವಾದ ಮೇಲೆ ಒಂದು, ಬಿಳಿಯದು.
ಡಾಕ್ಟರು ಮತ್ತೆ ಅಳೆಯುವುದು ಹದಿನಾಲ್ಕಕ್ಕೆ.
ಗೋಗು ಎಂದರೂ ತ್ಯಾಂಪ ಎಂದರೂ
ತಿರುಗುವುದು ಇದೇ ಒಂದು ಕುತ್ತಿಗೆ.
ಕಾಲಿನ ಬಾವು ಪೂರ್ತಿ ಇಳಿದಿಲ್ಲ,
ಚಪ್ಪಲಿಯ ಪಟ್ಟಿ ಮಾತ್ರ
ಒಂದು ತೂತು ಹಿಂದಕ್ಕೆ ಬಂದಿದೆ.