ಕಾಲಂ ಏಳು

ನಾನು ಕಲಿಸುವವನಲ್ಲ, ಬರೆಯುವವನು.
ಗೋಣಿಕೊಪ್ಪದ ಕಾಲೇಜಿನ ಈ ಕಿಟಕಿಯೊಳಗೆ
ಹಾಜರಿ, ದಂಡ, ಮರುಪರೀಕ್ಷೆಯ ರಸೀದಿ,
ಮತ್ತು ವರ್ಷಕ್ಕೆರಡು ಸಲ ಪ್ರಗತಿ ಪಟ್ಟಿ.

ಹದಿನೇಳನೇ ಸಾಲು: ಜಾನಕಿ ತಾಂತಿ.
ಜಾನಕಿ ಅಲ್ಲ ಸಾರ್, ಜೋನಾಕಿ,
ಕತ್ತಲಲ್ಲಿ ಮಿಣುಕುವ ಹುಳ, ಸೀತೆಯಲ್ಲ
ಎಂದಿದ್ದಳು ಸೇರಿದ ವಾರವೇ, ಕಂಬಿ ಹಿಡಿದು.
ತಿದ್ದಲು ಅಫಿಡವಿಟ್ಟು, ನೋಟರಿ, ಆರುನೂರಾಗುತ್ತದೆ ಎಂದೆ.
ತುಟಿಯಲ್ಲೇ ಲೆಕ್ಕ ಹಾಕಿದಳು:
ಕಿಲೋಗೆ ಐದರಂತೆ ನೂರಿಪ್ಪತ್ತು ಕಿಲೋ ಹಣ್ಣು.
ಸೀತೆಯೇ ಇರಲಿ ಬಿಡಿ.

ಜನವರಿಯಲ್ಲಿ ಹಾಜರಿ ಶೇಕಡಾ ನಲವತ್ತು.
ರೊಬಸ್ಟಾಕ್ಕೆ ಸೆಮಿಸ್ಟರು ಗೊತ್ತಿಲ್ಲ.
ಅಮ್ಮತ್ತಿಯ ಲೈನ್‌ಮನೆಯಿಂದ ಅಸ್ಸಾಮಿನ ಅಷ್ಟೂ ಜನ
ಚೀಲ ಹೆಗಲಿಗೇರಿಸಿ ತೋಟಕ್ಕಿಳಿಯುವಾಗ
ಒಬ್ಬಳೇ ಬಸ್ಸಿಗೆ ಕೈ ಅಡ್ಡ ಹಾಕುವುದೆಂದರೆ
ಅದಕ್ಕೂ ಒಂದು ಕಾಲಂ ಬೇಕಿತ್ತು.
ಸಂಜೆ ತೂಕ ಮುಗಿಸಿ, ಗೆಳತಿಯ ನೋಟ್ಸಿನ ಫೋಟೋ
ಒಡೆದ ಮೊಬೈಲಿನಲ್ಲಿ ಹಿಗ್ಗಿಸಿ ಓದುತ್ತಾಳೆಂದು
ಲೈಬ್ರರಿಯ ಚೋಂದಮ್ಮ ಹೇಳಿದ್ದು.
ಇವರೆಲ್ಲ ನಿಲ್ಲುವವರಲ್ಲ ಎಂದು ಸ್ಟಾಫ್‌ರೂಮಿನಲ್ಲಿ
ಟೀ ಆರುವ ಮೊದಲೇ ತೀರ್ಮಾನ.

ಕನ್ನಡ: ಹನ್ನೊಂದು. ಆಮೇಲೆ ಇಪ್ಪತ್ತೊಂಬತ್ತು. ಈಗ ನಲವತ್ತಮೂರು.
ಒಮ್ಮೆ ಕೇಳಿದ್ದಳು,
ಅಂಗಡಿಯಲ್ಲಿ "ಉಂಟು" ಅಂತಾರೆ, ಪುಸ್ತಕದಲ್ಲಿ "ಇದೆ",
ಯಾವುದಕ್ಕೆ ಅಂಕ ಸಾರ್?
"ಇದೆ"ಗೆ, ಅಂದೆ.
ಹಾಲನ್ನು ಪಾಲ್ ಎಂದು ಬರೆದು
ಮೂರನೇ ಕ್ಲಾಸಿನಲ್ಲಿ ಬೆತ್ತ ತಿಂದ ಅಂಗೈ ನನ್ನದು;
ಆ ಮಾತು ಹೇಳಲಿಲ್ಲ. ಊಟದ ಹೊತ್ತಾಗಿತ್ತು.

ಮಾತೃಭಾಷೆಯ ಜಾಗದಲ್ಲಿ ಅವಳದ್ದು "ಇತರೆ".
ನನ್ನ ಮಗಳದ್ದೂ.

ಕಾಲಂ ಏಳು: ಪ್ರಗತಿ. ಉತ್ತಮ, ಸಾಧಾರಣ, ಕಳಪೆ.
ಒಂದಕ್ಕೆ ಮಾತ್ರ ಗುರುತು ಹಾಕಿ.
ಪೆನ್ನು ಎತ್ತಿ ಕೂತವನ ಮುಂದೆ
ಕಂಬಿಯ ಸಂದಿನಿಂದ ಒಂದು ಹಾಳೆ ಬಂತು,
ಹಿಡಿದ ಬೆರಳ ಉಗುರಂಚಿನಲ್ಲಿ ಕಾಫಿಸಿಪ್ಪೆಯ ಕಪ್ಪು.
ತಮ್ಮನ ಹೈಸ್ಕೂಲಿನ ಅರ್ಜಿ. ತಪ್ಪಿದ್ರೆ ಹೇಳಿ ಸಾರ್.

ಬಿಪುಲ್ ತಾಂತಿ. ತಂದೆ, ತಾಯಿ, ತೋಟದ ವಿಳಾಸ.
ಮಾತೃಭಾಷೆ: ಸಾದ್ರಿ.
ಅಚ್ಚಾದ ಆಯ್ಕೆಗಳನ್ನೆಲ್ಲ ದಾಟಿ, ಬದಿಯ ಖಾಲಿಯಲ್ಲಿ,
ದುಂಡಗೆ, ಒತ್ತಿ, ಹಾಳೆಯ ಹಿಂಬದಿಗೂ ಮೂಡುವಂತೆ.
ಕೆಳಗೆ ಪೋಷಕರ ಸಹಿಯ ಜಾಗದಲ್ಲಿ
ಜೋನಾಕಿ.

ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ.
ಪುನಃ ಹಾಕಿದೆ.
"ಫೋಟೋ ಒಂದು ಬೇಕಾಗ್ತದೆ," ಎಂದೆ.
"ಉಂಟು," ಅಂದಳು.