ನಲವತ್ತೊಂದನೇ ಚೀಟಿ

ಸಕಲೇಶಪುರ, ಸ್ಟೇಷನ್ ರಸ್ತೆ, ಕಾಫಿಯಿಲ್ಲದ ಕಾಫಿ ಗೋಡೌನು.
ಎರಡು ದಿನದ ಹರಾಜಿಗೆ ಚೀಟಿ ಬರೆಯುವ ಕೆಲಸ ನನ್ನದು.
ಅಕ್ಷರ ದುಂಡಗಿದೆ ಅಂತ ಕರೆದರು,
ದಿನಕ್ಕೆ ಏಳುನೂರು, ಊಟ ಅವರದೇ.

ಒಂದು: ಹಿತ್ತಾಳೆ ತಕ್ಕಡಿ. ತೂಕದ ಬಟ್ಟು ಮೂರು ಕಡಿಮೆ.
ಒಂಬತ್ತು: ದೊರೆಯ ಬೆತ್ತದ ಕುರ್ಚಿ,
ಬೂಟುಗಾಲು ಚಾಚಲು ಮಾರುದ್ದದ ಕೈಗಳು.
ಇಪ್ಪತ್ತು: ಗ್ರಾಮಫೋನು. ಹಾಡುತ್ತದೆಂದು ಮನೆಯವರ ಹೇಳಿಕೆ.
ಕಾಟಿಯ ತಲೆಗೆ ನಂಬರಿಲ್ಲ, ಅದನ್ನು ಮಾರುವಂತಿಲ್ಲವಂತೆ;
ಫಾರೆಸ್ಟಿನವರು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ನಲವತ್ತೊಂದಕ್ಕೆ ಪೆನ್ನು ನಿಂತಿತು.
ಮಂಜಿನಹಳ್ಳ ತೋಟದ ಮಸ್ಟರ್ ಗಂಟೆ. ಕಂಚು.
ಹದಿನೆಂಟು ಕೆಜಿ. ಕಂಠದಲ್ಲಿ ಇಸವಿ, ೧೮೯೮.
ಮಂಗಳೂರಿನ ಸಿಕ್ವೇರಾ ಸಾಹೇಬರು ಕಣ್ಣಿಗೆ ಬೂದುಗಾಜು ಇಟ್ಟು
ಅದರ ಬಾಯೊಳಗೆ ಮೊಣಕೈವರೆಗೂ ಕೈ ಹಾಕಿ
ದನದ ಹಲ್ಲು ನೋಡುವವರಂತೆ ತಡಕಾಡಿ
‘ಬರೀರಿ,’ ಅಂದರು, ‘ನಾಲಿಗೆ ಇಲ್ಲ.
ಇದ್ದಿದ್ದರೆ ಒಂದೂವರೆ ಲಕ್ಷ. ಇಲ್ಲದ್ದಕ್ಕೆ ಅರವತ್ತರಿಂದ ಸವಾಲು.’

ಬರೆದೆ. ನಾಲಿಗೆ ಇಲ್ಲ.
ದುಂಡಗೆ ಬರೆದೆ.

ಅಜ್ಜಿ ಸಣ್ಣೀರಿ ಈ ಗಂಟೆಯನ್ನು
ಕಿವಿಯಲ್ಲಲ್ಲ, ಕಾಲಲ್ಲಿ ಕೇಳಿದವಳು.
ಮೂರು ಸಲ ಹೊಡೆಯುವುದು. ಮೂರನೆಯದರ ದನಿ ಆರುವಷ್ಟರಲ್ಲಿ
ರೈಟರ ಮೇಜಿನ ಮುಂದೆ ಇರಬೇಕು,
ಇಲ್ಲದಿದ್ದರೆ ಹೆಸರಿನ ಮೇಲೆ ಗೀಟು, ಅರ್ಧ ಕೂಲಿ.
ಒಂದು ದಿನ ಹಳ್ಳ ಏರಿತ್ತು. ಮೂರನೆಯದು ಬಡಿದಾಗ
ಅವಳಿನ್ನೂ ಹಲಸಿನ ಮರದ ಹತ್ತಿರ.
‘ಹತ್ತೆಜ್ಜೆ ಕಣ್ಲಾ, ಸಂಜಿಗೆ ಅಳ್ದು ನೋಡಿವ್ನಿ.’
ಹತ್ತು ಹೆಜ್ಜೆಗೆ ಅರ್ಧ ದಿನ.
ಆ ರಾತ್ರಿ ಕುಡುಗೋಲು, ರೈಟರದೇ ಸ್ಟೂಲು,
ತೊಗಲಿನ ಪಟ್ಟಿ ಎರಡೇ ಎಳೆತಕ್ಕೆ.

ಬೆಳಗ್ಗೆ ಗಂಟೆ ಹಗ್ಗ ಜಗ್ಗಿದವನ ಕೈಗೆ ಬರೀ ಹಗ್ಗ.
ದೊರೆ ಲೈನ್‌ಮನೆಗಳನ್ನೆಲ್ಲ ಜಾಲಾಡಿಸಿದ,
ಅಕ್ಕಿ ಮಡಕೆ, ಬಾಣಂತಿಯ ಹಾಸಿಗೆ, ಕೋಳಿಗೂಡು.
ಮೇಸ್ತ್ರಿ ನಮ್ಮ ಹೊಸ್ತಿಲಿಗೆ ಬಂದಾಗ
ಅಜ್ಜಿ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು
ಅದರಲ್ಲೇ ಶುಂಠಿ ಜಜ್ಜುತ್ತಿದ್ದಳು.
‘ಕಷಾಯ ಕುಡೀತೀರಾ ಮೇಸ್ತ್ರಿ?’
ಕುಡಿದು ಹೋದನಂತೆ.

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.
ಗಂಟೆಯಿಲ್ಲದ ಬೆಳಗು ಬರೀ ಮೂರು.
ನಾಲ್ಕನೆಯ ದಿನ ರೈಲು ಕಂಬಿಯ ತುಂಡೊಂದನ್ನು
ಅದೇ ತೊಲೆಗೆ ತೂಗುಹಾಕಿ ಸುತ್ತಿಗೆಯಲ್ಲಿ ಬಡಿದರು.
ಕಂಚಿಗಿಂತ ದೂರ ಕೇಳಿಸುತ್ತಿತ್ತು.

ಹರಾಜಿನವನು ಕೂಗುತ್ತಿದ್ದಾನೆ, ಅರವತ್ತು, ಅರವತ್ತೊಂದು.
ನನ್ನ ತಲೆಯಲ್ಲಿ ಬೇರೆ ಲೆಕ್ಕ:
ಒಂದೂವರೆ ಲಕ್ಷದಲ್ಲಿ ಅರವತ್ತು ಕಳೆದರೆ
ನಮ್ಮ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ವಾಸನೆ ಹೊಡೆಯುತ್ತ ಬಿದ್ದಿರುವ ತೊಂಬತ್ತು ಸಾವಿರ.
ಎದ್ದು ಹೇಳಬಹುದಿತ್ತು. ಏನಂತ?
ಎಪ್ಪತ್ತು ವರ್ಷದ ಹಿಂದಿನ ಕಳ್ಳತನಕ್ಕೆ ರಸೀದಿ ಕೊಡಿ ಅಂತಲೇ?

ಒಂದು ಸಾರಿ. ಎರಡು ಸಾರಿ.
ಅರವತ್ತೆರಡೂವರೆಗೆ ಮೂಡಿಗೆರೆ ಕಡೆಯ ರೆಸಾರ್ಟಿನವರಿಗೆ ಹೋಯಿತು.
ತಿಂಡಿ ರೆಡಿಯಾದಾಗ ಗೆಸ್ಟುಗಳನ್ನು ಕರೆಯಲಿಕ್ಕಂತೆ.
‘ನಾಲಿಗೆ ಏನು ಮಹಾ,’ ಅಂದ ಕೊಂಡವನು,
‘ಹಾಸನದ ಲೇತಿನಲ್ಲಿ ಮಾಡಿಸಿದರಾಯ್ತು.’
ನಾಲ್ಕು ಜನ ಹೊತ್ತು ವ್ಯಾನಿಗೆ ಏರಿಸುವಾಗ
ಒಬ್ಬನ ಉಂಗುರ ತಾಗಿ ಸಣ್ಣಗೆ ಏನೋ ಅಂದಿತು ಅದು.
ನಾನೊಬ್ಬನೇ ತಿರುಗಿದೆನೋ ಏನೋ.

ರಾತ್ರಿ ಮನೆಗೆ ಬಂದು, ಉಳಿದ ಚೀಟಿಯೊಂದನ್ನು
ಜೇಬಿಂದ ತೆಗೆದು ಬರೆದೆ:
ನಾಲಿಗೆ. ಕಬ್ಬಿಣ. ಒಂದು ಕೆಜಿ ಚಿಲ್ಲರೆ.
ಗಂಟೆ ಇಲ್ಲ.
ಕೊರಳಿಗೆ ದಾರ ಸುತ್ತಿ ಕಟ್ಟಿ, ಹಿಂದೆ ಸರಿದು ನೋಡಿದೆ.

ಪಾರ್ವತವ್ವ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು.
‘ಆ ದಾರ ಬಿಚ್ಚಿ ಇತ್ಲಾಗೆ ಕೊಡಿ,’ ಅಂದಳು,
‘ಚಟ್ನಿಗೆ ಬೀಳ್ತದೆ.’