ಕೈ ಹಿಂದ ಕಟ್ಟಿಕೊಂಡು

ರಾತ್ರಿ ಹನ್ನೊಂದೂವರಿ. ಮಹಾನಂದಾನ ಫೋನು,
ಈ ವಾರದಾಗ ಮೂರನೇ ಸಲ.
"ಸರ್, ಆ ಎರಡನೇ ವರ್ಷದ ಹುಡುಗ, ಫಕೀರೇಶ,
ಲಾಗ್‌ಬುಕ್ಕಿನ್ಯಾಗ ಮಾಡದ ಕೇಸು ಬರದಾನ.
ಹನ್ನೆರಡು ಎಪಿಡ್ಯೂರಲ್ ಅಂತ. ಮಾಡಿದ್ದು ಏಳು.
ಏನ್ ಮಾಡ್ಲಿ?"

ನಾ ಸುಮ್ಮನಾದೆ.
ನವನಗರದ ನಮ್ಮ ಸೆಕ್ಟರಿನ್ಯಾಗ ಈ ಹೊತ್ತಿಗೆ
ನಾಯಿ ಸೈತ ಬೊಗಳೂದಿಲ್ಲ.
ಆ ಕಡೆ ಮಾನಿಟರ್ ಬಡಕೊಳ್ಳೂದು ಕೇಳಸ್ತಿತ್ತು.
ಆ ಸಪ್ಪಳ ಬಿಟ್ಟು ಒಂಬತ್ತು ತಿಂಗಳಾತು,
ಈಗೂ ಬೆರಳು ತಾವಾಗೇ ನಾಡಿ ಹುಡಕತಾವ.

ಎಂ.ಡಿ. ಹುಡುಗರ ಉಸ್ತುವಾರಿ ಆಕಿಗೆ ವಹಿಸಿದ ದಿನ
ಕಪಾಟಿನ ಕೀಲಿಕೈ ಇಸ್ಕೊಂಡು ಕೇಳಿದ್ಲು:
"ಒಂದು ಪಟ್ಟಿ ಬರದುಕೊಡ್ರಿ ಸರ್,
ಏನು ಮಾಡಬೇಕು, ಏನು ಮಾಡಬಾರದು."
ಕಪಾಟಿನ್ಯಾಗ ಇದ್ದದ್ದು ಹದಿನೆಂಟು ವರ್ಷದ ಲಾಗ್‌ಬುಕ್ಕು,
ರಜಾ ರಿಜಿಸ್ಟರು, ಮುರಕ ಲ್ಯಾರಿಂಗೋಸ್ಕೋಪು,
ಯಾರೋ ಮರತುಹೋದ ಒಂಟಿ ಚಪ್ಪಲಿ.
ಪಟ್ಟಿ ಇರಲಿಲ್ಲ.
ಕ್ಯಾಂಟೀನಿನ್ಯಾಗ ಚಾ ಕುಡಿಸಿ ಕಳಿಸಿದೆ.

ನೆನಪೈತೇನವಾ, ನಿನ್ನ ಮೊದಲನೇ ಎಪಿಡ್ಯೂರಲ್?
ಇಳಕಲ್ಲಿನ ನೇಕಾರಾಕಿ, ಬೆನ್ನು ಬಿಲ್ಲಿನಂಗ ಬಾಗಿಸಿ ಕುಂತು
ನೋವು ಬಂದಾಗೊಮ್ಮೆ ಬನಶಂಕರೀ ಅಂತಿದ್ಲು.
ಹೆಬ್ಬೆಟ್ಟಿನ ಕೆಳಗ ಸಿರಿಂಜು ಕಲ್ಲಿನಂಗ ನಿಂತು
ಒಮ್ಮಿಂದೊಮ್ಮೆಲೇ ಬೆಣ್ಣಿ ಆಗೋ ಆ ಗಳಿಗಿ,
ಅದನ್ನ ಯಾವ ಪುಸ್ತಕದಾಗ ಬರೀತಾರ?
ನಾ ಹಿಂದ ನಿಂತಿದ್ದೆ.
ಬೇಕಂತನ ಗ್ಲೌಸ್ ಹಾಕಿರಲಿಲ್ಲ,
ಹಾಕಿದ್ರ ಸೂಜಿ ಕಸಗೋತಿದ್ದೆ.
ಎರಡೂ ಕೈ ಬೆನ್ನ ಹಿಂದ ಕಟ್ಟಿ
ಬೆರಳಿಂದ ಬೆರಳು ಹಿಚುಕಿಕೊಂಡು.
ಕಸಗೊಂಡು ಮಾಡೂದು ಸಲೀಸು.
ಹಂಗ ನಿಲ್ಲೂದು ಬರಾಕ ನನಗ ಹನ್ನೊಂದು ವರ್ಷ ಹಿಡೀತು.

ಅದಕ್ಕೂ ಮೊದಲ ನನ್ನ ಹಿರಿಯರು ಬೈದಿದ್ರು, ನಾನೂ ಬೈದೆ.
ಮುದ್ದೇಬಿಹಾಳದ ಕಡೆಯಾಕಿ, ಕಸ್ತೂರಿ ಹಂಡರಗಲ್ಲ.
ಓಟಿ ತುಂಬ ಮಂದಿ ಮುಂದ
"ನಿನ್ನ ಕೈಯಾಗ ಸೂಜಿ ಕೊಟ್ಟವರ್ಯಾರು" ಅಂದಿದ್ದೆ.
ಮರುದಿನದಿಂದ ಆಕಿ ಒಂದೂ ತಪ್ಪು ಮಾಡಲಿಲ್ಲ.
ಅಂದ್ರ, ಹೇಳಲಿಲ್ಲ.
ಎರಡು ಸಿರಿಂಜು ಅದಲಾಬದಲಿ ಆದದ್ದು,
ಆ ಮುದುಕಪ್ಪ ನಮ್ಮ ಪುಣ್ಯಾಕ್ಕ ಉಳಿದದ್ದು,
ನನಗ ತಿಳಿದದ್ದು
ಆಕಿ ಸೀಟು ಬಿಟ್ಟು ಹೋದಮ್ಯಾಗ.

ಬ್ಯಾಸಗಿಗೆ ಹಿನ್ನೀರು ಇಳೀತಲ್ಲ,
ಮುಳುಗಿದ ಬಾಗಲಕೋಟಿ ಒಂದೊಂದ ಮೆಟ್ಟಲಾ ಎದ್ದು ಕಾಣತೈತಿ:
ಇದು ಅಡತಿ ಅಂಗಡಿ ಕಟ್ಟಿ, ಇದು ಯಾರದೋ ಪಡಸಾಲಿ.
ಹಂಗ ಆಕಿ ಮುಖ, ವರ್ಷಕ್ಕೊಮ್ಮೆ,
ಪರೀಕ್ಷಾ ಮುಗಿದ ವಾರ.

ಇದ್ಯಾವುದೂ ಫೋನಿನ್ಯಾಗ ಹೇಳಲಿಲ್ಲ.
ನಾಲಗಿ ತುದಿಗೆ ಉತ್ತರ ಸಿದ್ಧ ಇತ್ತು,
ನಾಳಿ ಅವನ್ನ ಕರಿ, ಬಾಗಲಾ ಹಾಕು, ಹಿಂಗ ಹಿಂಗ ಅನ್ನು...
ಫೋನು ದಿಂಬಿನ ಮ್ಯಾಲಿಟ್ಟು
ಖರೇನ ಕೈ ಹಿಂದ ಕಟ್ಟಿದೆ, ಹಾಸಿಗಿ ಮ್ಯಾಗ ಕುಂತಾಂವ.
ನಮ್ಮಾಕಿ ಅರ್ಧಾ ಕಣ್ಣು ತೆರದು ನೋಡಿ
ಮಗ್ಗಲಾ ಬದಲಿಸಿದ್ಲು.

"ಆ ಐದು ಯಾಕ ಬರದಾನ, ಕೇಳಿದೇನು?"
"ಇಲ್ಲ ಸರ್."
"ಹೂಂ."

ಭಾಳ ಹೊತ್ತು ಯಾರೂ ಮಾತಾಡಲಿಲ್ಲ. ಮಾನಿಟರ್ ಒಂದ.
ಆಮ್ಯಾಗ ಆಕಿ ದನಿ, ನನ್ನ ಕಡೆ ಅಲ್ಲ, ಬಾಗಲದ ಕಡೆ:
"ಫಕೀರೇಶ, ಊಟ ಆತೇನೋ? ಬಾ, ಕುಂದರು."

ಫೋನು ಬಂದ್ ಮಾಡೂದು ಮರತಿದ್ಲು.
ನಾನ ಮಾಡಿದೆ.